ಡಾಕ್ಟರ್ ಲಸಾರ್ತೆಯ ಉತ್ತರ

ಹೆಣದ ಕೊರಳಿನಿಂದ ಟೈ ಬಿಚ್ಚುವುದು ನಿಬಿಯಾ ಅಂದುಕೊಂಡಷ್ಟು ಸುಲಭದ ಕೆಲಸವಾಗಿರಲಿಲ್ಲ. ಎಡಗೈಯನ್ನು ಗಂಡ ದಾರ್ದೋನ ತಲೆಯ ಕೆಳಗೆ ತೂರಿಸಿ, ಬಲಗೈಯಿಂದ ಗಂಟು ಜಗ್ಗುತ್ತಿದ್ದಳು. ಅದು ಸಡಿಲವಾಗುವ ಬದಲು ಇನ್ನಷ್ಟು ಬಿಗಿಯಾಗುತ್ತಿತ್ತು. ಅಂತ್ಯಕ್ರಿಯೆಯ ಕಂಪನಿಯವರು ಯಾರನ್ನೂ ಒಂದು ಮಾತು ಕೇಳದೆ ತಮ್ಮ ಬೀರುವಿನಿಂದ ನೀಲಿ ಟೈ ತೆಗೆದು ಕಟ್ಟಿಬಿಟ್ಟಿದ್ದರು. ಬ್ಯಾಂಕಿನಲ್ಲಿ ಟೈ ಕಟ್ಟಿ ಕಟ್ಟಿ ಬೇಸತ್ತು, ನಿವೃತ್ತನಾದ ಮರುದಿನವೇ ತನ್ನ ಅಷ್ಟೂ ಟೈಗಳಿಂದ ಹಿತ್ತಲಿನ ಟೊಮೇಟೊ ಗಿಡಗಳನ್ನು ಕೋಲಿಗೆ ಬಿಗಿದಿದ್ದ ಮನುಷ್ಯ ಅವನು.

"ಸ್ವಲ್ಪ ತಲೆ ಎತ್ತಬಾರದೇನೋ ಮಾರಾಯ," ಎಂದು ಗದರಿದಳು. ಗದರಿದ ಮೇಲೆ, ಇನ್ನು ಎತ್ತುವುದಿಲ್ಲವಲ್ಲ ಎಂಬುದು ನೆನಪಾಯಿತು.

ಕಂಪನಿಯ ಆ ಕೋಣೆಯಲ್ಲೇ, ಹಲಗೆಯ ಅಡ್ಡಗೋಡೆಯ ಆಚೆ, ಬಂದವರಿಗೆ ಕಾಫಿ ಇಟ್ಟಿದ್ದರು. ಅಲ್ಲಿ ದಾರ್ದೋನ ಅಕ್ಕ ಎಲ್ವಿರಾ ಪಿಸುಗುಟ್ಟುತ್ತಿದ್ದಳು. ಎಲ್ವಿರಾಳ ಪಿಸುಮಾತು ಎಂದರೆ ನದಿಯಾಚೆಯ ಅರ್ಜೆಂಟೀನಾದವರಿಗೂ ಕೇಳಬೇಕು.

"ಆ ಹೆಂಗಸು ಬರ್ತಾಳೆ ಅಂತೀಯಾ?"

"ಯಾವ ಹೆಂಗಸು?" ಇದು ವಿಲ್ಮಾರನ ದನಿ. ಬ್ಯಾಂಕ್ ನೌಕರರ ಸಂಘದ ಅಧ್ಯಕ್ಷ ಅವನು.

"ಲಸಾರ್ತೆ ಕಣೋ! ಡಾಕ್ಟರ್ ಎರ್ಮಿನಿಯಾ ಲಸಾರ್ತೆ."

"ಬರದೆ ಇರ್ತಾರಾ? ಇಪ್ಪತ್ತೈದು ವರ್ಷ ದಾರ್ದೋನ ಪತ್ರಿಕೆಗೆ ಬರೆದವರು."

"ಅದನ್ನೇ ನಾನೂ ಹೇಳ್ತಿರೋದು. ಇಪ್ಪತ್ತೈದು ವರ್ಷ! ಈ ಊರಲ್ಲಿ ಒಬ್ಬರಾದ್ರೂ ಅವಳ ಮುಖ ಕಂಡಿದ್ದೀವಾ? ವಿಳಾಸ ಕೇಳಿದ್ರೆ ನಮ್ಮ ದಾರ್ದೋ ಏನಂತಿದ್ದ? 'ನನ್ನ ಕೈಗೆ ಕೊಡಿ, ನಾನೇ ತಲುಪಿಸ್ತೀನಿ.' ಎಲ್ಲಿ ತಲುಪಿಸ್ತಿದ್ದ? ಯಾವ ಹೊತ್ತಲ್ಲಿ ತಲುಪಿಸ್ತಿದ್ದ?"

"ಛೆ ಛೆ. ದಾರ್ದೋನಾ?"

"ಯಾಕೆ, ಅವನೇನು ಗಂಡಸಲ್ವಾ? ಬೆಂಕಿ ಇಲ್ದೆ ಹೊಗೆ ಆಡುತ್ತೇನೋ? ಪಾಪ, ನಮ್ಮ ನಿಬಿಯಾ! ಆ ಪತ್ರಿಕೆನ ಇವಳ ಕೈಲೇ ಟೈಪ್ ಮಾಡಿಸ್ತಿದ್ದ ಕಣೋ. ಸವತಿ ಬರೆದಿದ್ದನ್ನ ಇವಳೇ ಕೂತು, ಕಾಲು ನೋವು ಸೊಂಟ ನೋವು ಅನ್ನದೆ, ಟಕಟಕ ಟೈಪ್ ಮಾಡಿದಾಳೆ!"

ವಿಲ್ಮಾರನ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿದ್ದ ಸದ್ದಾಯಿತು. ಡಾಕ್ಟರ್ ಎರ್ಮಿನಿಯಾ ಲಸಾರ್ತೆ ಆಗ ಹೆಣದ ತಲೆಯ ಕೆಳಗೆ ಕೈ ಸಿಕ್ಕಿಸಿಕೊಂಡು, ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದಳು.

*

ದೇಶ ಆಳುತ್ತಿದ್ದ ಸಿಪಾಯಿಗಳು ಅಧಿಕಾರ ಬಿಟ್ಟು ಬ್ಯಾರಕಿಗೆ ವಾಪಸಾದ ವರ್ಷವೇ ಅವರ ಊರು ಪೈಸಾಂದುವಿನ ಬ್ಯಾಂಕಿಗೆ ಮೊದಲ ಕಂಪ್ಯೂಟರು ಬಂತು. ಅದಕ್ಕೆ ತಣ್ಣನೆ ಗಾಳಿಯ ಕೋಣೆ. ಗುಮಾಸ್ತರಿಗೆ ಅದೇ ಕಿರ್ರೆನ್ನುವ ಹಳೆಯ ಫ್ಯಾನು. ಹೊಸಬನಿಗೆ ಸಿಕ್ಕ ಮರ್ಯಾದೆ ನೋಡಿ ಎಲ್ಲರೂ ದಿನವಿಡೀ ಗೊಣಗಿದರು. ಸಂಜೆ ಸಂಘದ ಗ್ರಂಥಾಲಯಕ್ಕೆ ನುಗ್ಗಿ, ಅದನ್ನು ನೋಡಿಕೊಳ್ಳುತ್ತಿದ್ದ ದಾರ್ದೋನನ್ನು ಹಿಡಿದುಕೊಂಡರು.

"ಇದು ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತೋ ಇಲ್ವೋ? ಬೇರೆ ದೇಶಗಳಲ್ಲಿ ಏನಾಗಿದೆ? ಯಾರಾದ್ರೂ ಎಲ್ಲಾದ್ರೂ ಬರೆದಿರ್ಬೇಕಲ್ಲ, ಹುಡುಕಿ ಕೊಡು."

ದಾರ್ದೋ ಬಸ್ಸು ಹತ್ತಿ ರಾಜಧಾನಿ ಮಾಂಟೆವಿಡಿಯೊಗೆ ಹೋದ. ಅಲ್ಲಿನ ದೊಡ್ಡ ಗ್ರಂಥಾಲಯದಲ್ಲಿ ಕಂಪ್ಯೂಟರು ಮಾಡುವುದು ಹೇಗೆ, ಮಾರುವುದು ಹೇಗೆ, ನಡೆಸುವುದು ಹೇಗೆ ಎಂಬ ಪತ್ರಿಕೆಗಳು ರಾಶಿ ರಾಶಿ ಇದ್ದವು. ಅದು ಮನುಷ್ಯನಿಗೆ ಏನು ಮಾಡುತ್ತದೆ, ಅದರ ವಿಷಯದಲ್ಲಿ ನ್ಯಾಯವಾಗಿ ನಡೆದುಕೊಳ್ಳುವುದು ಹೇಗೆ ಎಂದು ಕೇಳಿದರೆ, ಮೇಜಿನ ಹಿಂದಿದ್ದವನು "ಅದು ಪಾದ್ರಿಗಳ ವಿಷಯ" ಎಂದು ಧರ್ಮಶಾಸ್ತ್ರದ ಕಪಾಟು ತೋರಿಸಿದ. ಎರಡು ದಿನ ಧೂಳು ಕುಡಿದ ಮೇಲೆ ಬ್ರೆಜಿಲಿನ ಒಂದು ಪತ್ರಿಕೆಯ ಅಡಿಟಿಪ್ಪಣಿಯಲ್ಲಿ ಇನ್ನೊಂದು ಪತ್ರಿಕೆಯ ಹೆಸರು ಸಿಕ್ಕಿತು. ಅದರ ಹಿಂಬದಿಯ ಪುಟದಲ್ಲಿ ಮತ್ತೆರಡು. ಇರುವೆ ಸಾಲು ಹಿಡಿದು ಹೋದಂತೆ ಹೋದ. ವಿಳಾಸಗಳು ಸಿಕ್ಕವು. ಚಂದಾ ಕಟ್ಟಲು ಮಾತ್ರ ಡಾಲರು ಬೇಕು; ಸಂಘದ ಹತ್ತಿರ ಇದ್ದದ್ದು ಒಂದು ಬಿಲಿಯರ್ಡ್ಸ್ ಮೇಜು.

ಗ್ರಂಥಾಲಯದವರಲ್ಲಿ ಒಂದು ಹಳೆಯ ಪದ್ಧತಿ ಇದೆ: ನಿನ್ನ ಪತ್ರಿಕೆ ನನಗೆ ಕಳಿಸು, ನನ್ನದು ನಿನಗೆ ಕಳಿಸುತ್ತೇನೆ, ದುಡ್ಡಿನ ಮಾತೇ ಇಲ್ಲ. ಬೀದಿಯಲ್ಲಿ ಮೊಟ್ಟೆ ಕೊಟ್ಟು ಹಿಟ್ಟು ತಂದಹಾಗೆ. ಮೊಟ್ಟೆ ಕೊಡಬೇಕಾದರೆ ಕೋಳಿ ಇರಬೇಕಲ್ಲ? ದಾರ್ದೋ ಕೋಳಿ ಹುಟ್ಟಿಸಿದ. ಅದಕ್ಕೆ 'ಯಂತ್ರ ಮತ್ತು ನೆರೆಹೊರೆ' ಎಂದು ಹೆಸರಿಟ್ಟ. ಮೂರು ತಿಂಗಳಿಗೊಂದು ಸಂಚಿಕೆ, ಏಳು ಜನ ಲೇಖಕರು. ಏಳೂ ಜನ ಅವನೇ. ಅವರಲ್ಲಿ ಮಹಾ ಮುಂಗೋಪಿಯಾದವನಿಗೆ ಡಾಕ್ಟರ್ ತೆಲ್ಮೋ ಗರೀದೋ ಎಂದು ಹೆಸರು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದ ನಿಬಿಯಾ ರಜೆಯ ದಿನ ಕೂತು ಮೊದಲ ಸಂಚಿಕೆಯನ್ನು ಟೈಪ್ ಮಾಡಿದಳು. "ಯಂತ್ರದ ಮುಂದೆ ಕೂತ ಹೆಂಗಸು ಕಾಲಕ್ರಮೇಣ ಯಂತ್ರದ ಒಂದು ಬಿಡಿಭಾಗವೇ ಆಗುತ್ತಾಳೆ" ಎಂದು ಗರೀದೋ ಬರೆದಿದ್ದರು. ಹದಿನೇಳು ವರ್ಷ ಸ್ವಿಚ್‌ಬೋರ್ಡಿನ ಮುಂದೆ ಕೂತಿದ್ದ ಬಿಡಿಭಾಗಕ್ಕೆ ಮೈ ಉರಿದುಹೋಯಿತು. ಕೊನೆಯಲ್ಲಿ ಎರಡು ಪುಟ ಖಾಲಿ ಉಳಿದಿದ್ದವು. ಅಜ್ಜಿಯ ಹೆಸರು, ಬೀದಿ ಕೊನೆಯ ಔಷಧಿ ಅಂಗಡಿಯವನ ಅಡ್ಡಹೆಸರು ಸೇರಿಸಿ, ಎರ್ಮಿನಿಯಾ ಲಸಾರ್ತೆ ಎಂಬ ಹೆಸರಿನಲ್ಲಿ ಉತ್ತರ ಬರೆದು ತುಂಬಿಸಿದಳು. "ಡಾಕ್ಟರ್ ಗರೀದೋ ಅವರ ಸಿಟ್ಟು ನ್ಯಾಯವಾದದ್ದೇ, ವಿಳಾಸ ಮಾತ್ರ ತಪ್ಪಿದೆ" ಎಂದು ಅದರ ಆರಂಭ.

ಅಚ್ಚಾದ ಮೇಲೆ ದಾರ್ದೋ ಅದನ್ನು ಅಡುಗೆಮನೆಯಲ್ಲಿ ನಿಂತು ಓದಿದ. ಎರಡು ಸಲ ಓದಿದ. "ಸೂಪಿಗೆ ಉಪ್ಪು ಕಡಿಮೆ" ಎಂದ, ಅಷ್ಟೇ. ಮುಂದಿನ ಸಂಚಿಕೆಯಲ್ಲಿ ಗರೀದೋ ಎರಡು ಪುಟ ಕೂಗಾಡಿ, ಕೊನೆಗೆ "ಮಾನ್ಯ ಡಾಕ್ಟರ್ ಲಸಾರ್ತೆ ಅವರು" ಎಂದು ಸಂಬೋಧಿಸಿದ್ದರು. ಡಾಕ್ಟರಲ್ಲದವಳ ಜೊತೆ ಜಗಳವಾಡಿದರೆ ಗರೀದೋ ಮರ್ಯಾದೆಗೆ ಕಡಿಮೆ ಅಂತ ಇರಬೇಕು, ದಾರ್ದೋ ಹೆಂಡತಿಗೆ ಒಂದು ಡಾಕ್ಟರೇಟನ್ನೇ ದಯಪಾಲಿಸಿದ್ದ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಇಪ್ಪತ್ತೈದು ವರ್ಷ ನಡೆಯಿತು, ಮೂರು ತಿಂಗಳಿಗೊಮ್ಮೆ, ಅಂಚೆಯ ಮೂಲಕ, ಹದಿನಾಲ್ಕು ದೇಶಗಳಿಗೆ. ಮನೆಯಲ್ಲಿ ಆ ಬಗ್ಗೆ ಇಬ್ಬರೂ ತುಟಿ ಪಿಟ್ಟೆನ್ನಲಿಲ್ಲ. ವಿನಿಮಯವಾಗಿ ಬಂದ ಪತ್ರಿಕೆಗಳು ಒಲೆಯ ಪಕ್ಕ ಬಂದು ಬೀಳುತ್ತಿದ್ದವು. ದಾರ್ದೋ ಪ್ರತಿಯೊಂದನ್ನೂ ತಿರುವಿ ಹಾಕುತ್ತಿದ್ದ: ಈ ಯಂತ್ರದಿಂದ ಯಾರಿಗೆ ನಷ್ಟ ಎಂದು ಒಂದು ಸಾಲಾದರೂ ಇದ್ದರೆ ಗ್ರಂಥಾಲಯಕ್ಕೆ, ಇಲ್ಲದಿದ್ದರೆ ಒಲೆಗೆ. ಬರೀ ಹೊಗಳಿಕೆಯ ನುಣುಪು ಕಾಗದದವನ್ನು ಕಂಡರೆ ಅವನಿಗಾಗದು. "ಕುದುರೆ ಮಾರೋನ ಮಾತು ಇದು. ಥೂ, ನೆಟ್ಟಗೆ ಉರಿಯೋದೂ ಇಲ್ಲ."

*

ಮಧ್ಯಾಹ್ನದ ಹೊತ್ತಿಗೆ ಲಸಾರ್ತೆಯ ಸುದ್ದಿ ಕಾಫಿಯ ಜೊತೆಜೊತೆಗೇ ಎಲ್ಲರ ಕೈಗೂ ತಲುಪಿತ್ತು. ಬಂದವರು ಕಾಫಿ ಬಗ್ಗಿಸಿ ಕೊಡುತ್ತಿದ್ದ ನಿಬಿಯಾಳ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತಿದ್ದರು. "ನಿಮ್ಮ ಮನಸ್ಸು ದೊಡ್ಡದು" ಎಂದು ಒಬ್ಬಳು. "ಗಂಡಸರೇ ಹಾಗೆ, ಆದ್ರೂ ಒಳ್ಳೆಯವನಿದ್ದ" ಎಂದು ಇನ್ನೊಬ್ಬಳು. ಬಾಗಿಲು ಕಿರ್ ಎಂದಾಗಲೆಲ್ಲ ಇಡೀ ಕೋಣೆ ಆ ಕಡೆ ತಿರುಗುತ್ತಿತ್ತು. ಪಕ್ಕದ ಕೋಣೆಯ ಹೆಣಕ್ಕೆ ಬಂದಿದ್ದ ಒಬ್ಬ ಹೆಂಗಸು, ಚೆನ್ನಾಗಿ ಬಾಚಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ದಾರಿ ತಪ್ಪಿ ಒಳಗೆ ಬಂದಳು. ಎಲ್ಲರೂ ಸರಿದು ದಾರಿ ಬಿಟ್ಟರು. ಒಬ್ಬ ಕುರ್ಚಿ ತಂದ. ಎಲ್ವಿರಾ ಎದೆಗೆ ಕೈಕಟ್ಟಿ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಕೆ ಪೆಟ್ಟಿಗೆಯೊಳಗೆ ಇಣುಕಿ, "ಅಯ್ಯೋ, ಇವರು ನಮ್ಮ ಚಿಕ್ಕಪ್ಪ ಅಲ್ವಲ್ಲ!" ಎಂದು ಓಡಿಹೋದಳು.

ವಿಲ್ಮಾರ್ ಟೋಪಿ ಹಿಸುಕುತ್ತಾ ಹತ್ತಿರ ಬಂದ.

"ದೋನ್ಯಾ ನಿಬಿಯಾ, ತಪ್ಪು ತಿಳ್ಕೋಬೇಡಿ ಅಮ್ಮಾ. ಆ... ಆಯಮ್ಮ ಏನಾದ್ರೂ ಸ್ಮಶಾನಕ್ಕೆ ಬಂದ್ರೆ ಎಲ್ಲಿ ನಿಲ್ಲಿಸೋಣ?"

"ಎಲ್ಲಕ್ಕಿಂತ ಮುಂದೆ ನಿಲ್ಲಿಸಪ್ಪ," ಎಂದಳು ನಿಬಿಯಾ.

ವಿಲ್ಮಾರನ ಕಣ್ಣಲ್ಲಿ ನೀರು ಬಂತು. "ನಿಮ್ಮಂಥವರು ಇರೋದ್ರಿಂದಲೇ ಮಳೆ ಬೆಳೆ. ಸಂಘದ ಓದೋ ಕೋಣೆಗೆ ದಾರ್ದೋನ ಹೆಸರಿಡ್ಬೇಕು ಅಂತ ನನಗೆ ಆಸೆ. ಆದ್ರೆ ಈಗ ನಮ್ಮ ಹೆಂಗಸರೆಲ್ಲ ಬೇಡ ಅಂತಿದಾರೆ. ಮನೆಯಲ್ಲಿ ಒಬ್ಬಳು, ಪತ್ರಿಕೆಯಲ್ಲಿ ಒಬ್ಬಳು ಇಟ್ಕೊಂಡವನ ಹೆಸರು ಗೋಡೆ ಮೇಲೆ ಬರೆಯೋದು ಹೇಗೆ ಅಂತ."

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮಾಂಟೆವಿಡಿಯೊದ ಬಸ್ಸಿನಿಂದ ಇಳಿದ ಪ್ರೊಫೆಸರ್ ಬೆತಾಂಕುರ್ ಒಳಗೆ ಬಂದರು. ತೆಳ್ಳನೆಯ ಎತ್ತರದ ಮನುಷ್ಯ. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಕಷಾಯದ ಸೋರೆಬುರುಡೆ, ಎರಡನ್ನೂ ಎಲ್ಲಿಡುವುದೆಂದು ತಿಳಿಯದೆ ಅವುಗಳ ಸಮೇತವೇ ನಿಬಿಯಾಳನ್ನು ಅಪ್ಪಿಕೊಂಡರು.

"ಇಡೀ ದೇಶದಲ್ಲಿ ಯಂತ್ರದ ನ್ಯಾಯ ಅನ್ಯಾಯದ ಪತ್ರಿಕೆಗಳು ಒಂದೇ ಕಡೆ ಸಿಗೋದು ಅಂದ್ರೆ ನಿಮ್ಮ ಯಜಮಾನರ ಕಪಾಟಲ್ಲಿ, ದೋನ್ಯಾ. ಯಾವುದು ಓದ್ಬೇಕು ಯಾವುದು ಬಿಡ್ಬೇಕು ಅಂತ ಅವರಿಗೆ ಗೊತ್ತಾದಷ್ಟು ನನಗೂ ಗೊತ್ತಿಲ್ಲ. ಅದಕ್ಕಿಂತ ಹೆಚ್ಚು ಅಂದ್ರೆ ಅವರ ಸ್ವಂತ ಪತ್ರಿಕೆ! ಗರೀದೋ-ಲಸಾರ್ತೆ ವಾದಾನ ನಾನು ವರ್ಷ ವರ್ಷ ಪಾಠ ಮಾಡ್ತೀನಿ. ಹುಡುಗರಿಗೆ ಹೇಳ್ತೀನಿ, ಇದರಲ್ಲಿ ಒಂದೇ ಒಂದು ಸುಳ್ಳು ಅಕ್ಷರ ಇಲ್ಲ ಅಂತ."

ನಿಬಿಯಾಳಿಗೆ ಕಾಫಿ ನೆತ್ತಿಗೇರಿ ಕೆಮ್ಮು ಬಂತು. ಎಲ್ವಿರಾ ಓಡಿ ಬಂದು ಬೆನ್ನು ಸವರುತ್ತಾ, "ಆ ಹೆಸರು ಇವಳ ಮುಂದೆ ಎತ್ತಬೇಡಿ ಸ್ವಾಮೀ," ಎಂದು ಪ್ರೊಫೆಸರರಿಗೆ ಕಣ್ಣು ಬಿಟ್ಟಳು.

"ಲಸಾರ್ತೆ ಏನು ಮಹಾ," ಎಂದು ಮೂಲೆಯಿಂದ ಒಂದು ಒಣ ದನಿ ಎದ್ದಿತು. ನಿವೃತ್ತ ಕ್ಯಾಶಿಯರ್ ಎಬೆರ್. ಬೆಳಗಿನಿಂದ ಕೂತಲ್ಲೇ ಕೂತಿದ್ದ, ಕಣ್ಣಲ್ಲಿ ಒಂದು ಹನಿ ಇಲ್ಲ. "ಗರೀದೋ ಅನ್ನಿ. ಅವರು ಗಂಡೆದೆ ಮನುಷ್ಯ. ನಮ್ಮ ಕಷ್ಟ ಬರೆದವರು ಅವರೊಬ್ಬರೇ. ಆಯಮ್ಮ ಪ್ರತಿಯೊಂದಕ್ಕೂ 'ಆದರೆ' ಅಂತ ಎಳೀತಾರೆ."

"ಆ 'ಆದರೆ'ಯಲ್ಲೇ ಇರೋದು ಸ್ವಾಮಿ ಎಲ್ಲಾ!" ಎಂದರು ಪ್ರೊಫೆಸರ್. ಹೆಣದ ಎದುರಿಗೇ ಇಬ್ಬರೂ ಶುರುಹಚ್ಚಿಕೊಂಡರು. ನಡುವೆ ಪ್ರೊಫೆಸರ್ ತಟ್ಟನೆ ನಿಬಿಯಾಳ ಕಡೆ ತಿರುಗಿ, "ಹೋದ ಸಂಚಿಕೆಯಲ್ಲಿ ಗರೀದೋ ಬರೆದಿದ್ರಲ್ಲ, ಸತ್ತವರ ಹೆಸರನ್ನ ಎಲ್ಲಾ ಯಂತ್ರಗಳಿಂದ ಅಳಿಸಿಬಿಡ್ಬೇಕು ಅಂತ. ಅದಕ್ಕೆ ಲಸಾರ್ತೆ ಉತ್ತರವೇ ಬರೆದಿಲ್ಲ. ಮೊದಲ ಸಲ! ನಾವೆಲ್ಲ ಕಾಯ್ತಾ ಇದೀವಿ. ಅವರು ಇವತ್ತು ಬಂದರೆ ಕೇಳಬೇಕು," ಎಂದರು.

ಅತ್ತ ದರಿ, ಇತ್ತ ಪುಲಿ. ಬಾಯಿ ಬಿಡದಿದ್ದರೆ ದಾರ್ದೋ ಇನ್ನೊಬ್ಬಳ ಸೆರಗು ಹಿಡಿದವನಾಗಿ ಗೋರಿ ಸೇರುತ್ತಾನೆ. ಬಾಯಿ ಬಿಟ್ಟರೆ, ನೀತಿಯ ಪತ್ರಿಕೆಯನ್ನು ಸುಳ್ಳು ಹೆಸರು, ಸುಳ್ಳು ಡಾಕ್ಟರೇಟುಗಳಿಂದ ನಡೆಸಿ ಹದಿನಾಲ್ಕು ದೇಶದವರಿಗೆ ಟೋಪಿ ಹಾಕಿದವನಾಗಿ. ಒಂದು ಕಳಂಕ ಒರೆಸಲು ಹೋದರೆ ಇನ್ನೊಂದು ಮೆತ್ತಿಕೊಳ್ಳುತ್ತದೆ. ಅವನು ಬದುಕಿದ್ದಿದ್ದರೆ ಇದರ ಮೇಲೆ ಗರೀದೋ ಕೈಯಿಂದ ಎಂಟು ಪುಟ ಬರೆಸುತ್ತಿದ್ದ, ಪಾಪಿ.

*

ಆ ಕೊನೆಯ ಲೇಖನವನ್ನು ದಾರ್ದೋ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಬರೆದಿದ್ದ. ಡಾಕ್ಟರು, ನಿಜವಾದ ಡಾಕ್ಟರು, ಆಗಲೇ ತಲೆ ಆಡಿಸಿ ಹೋಗಿದ್ದರು. ನಿಬಿಯಾ ಅದನ್ನು ಟೈಪ್ ಮಾಡುತ್ತಾ ಹೋದಂತೆ ಬೆರಳು ನಿಧಾನವಾಯಿತು. "ಸತ್ತವನು ಇನ್ನು ಉತ್ತರ ಹೇಳಲಾರ. ಉತ್ತರ ಹೇಳಲಾರದವನ ಬಗ್ಗೆ ಯಾವ ಯಂತ್ರವೂ ಏನನ್ನೂ ಇಟ್ಟುಕೊಳ್ಳಬಾರದು. ಅವನ ಜೊತೆಗೆ ಅವನ ಹೆಸರನ್ನೂ ಹೂಳಿಬಿಡಿ."

ಕೊನೆಯ ಎರಡು ಪುಟಗಳನ್ನು ಎಂದಿನಂತೆ ಖಾಲಿ ಬಿಟ್ಟಿದ್ದ. ಅವಳು ಅದರಲ್ಲಿ ಒಂದು ಅಕ್ಷರವನ್ನೂ ಬರೆಯಲಿಲ್ಲ. ಸಂಚಿಕೆ ಖಾಲಿ ಪುಟಗಳೊಂದಿಗೇ ಹೋಯಿತು. ಅಂದು ಸಂಜೆ, ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ, ಅವನು ಆ ಮಾತೆತ್ತಿದ.

"ಲಸಾರ್ತೆ ಈ ಸಲ ಯಾಕೋ ಸುಮ್ಮನಿದಾರಲ್ಲ?"

"ಅವಳಿಗೆ ಕೈ ನೋವಂತೆ."

"ಪಾಪ. ಎಣ್ಣೆ ಹಚ್ಕೊಳ್ಳೋಕೆ ಹೇಳು," ಎಂದ.

ಅವನ ಬೆನ್ನು ಉಜ್ಜುವ ನೆಪದಲ್ಲಿ ಅವಳು ಮುಖ ತಿರುಗಿಸಿಕೊಂಡಳು. ಬರೆಯುವುದೇನು? ಬರೆದರೆ, ನೀನು ಸಾಯುತ್ತೀಯ ಎಂದು ಒಪ್ಪಿಕೊಂಡ ಹಾಗೆ. ಅವಳಿಗೆ ಅದು ಬೇಡವಾಗಿತ್ತು.

*

ಸ್ಮಶಾನದ ಗೋಡೆಯಲ್ಲಿ ಶವಪೆಟ್ಟಿಗೆ ಇಡಲು ಸಾಲು ಸಾಲು ಗೂಡುಗಳು. ದಾರ್ದೋನದು ಎದೆಯೆತ್ತರದ ಸಾಲಿನಲ್ಲಿ. ಪೆಟ್ಟಿಗೆಯನ್ನು ಒಳಗೆ ತಳ್ಳಿ ಆಗಿತ್ತು, ಮರದ ಅಂಚು ಇನ್ನೂ ಕಾಣುತ್ತಿತ್ತು. ಗೂಡಿನ ಬಾಯಿ ಮುಚ್ಚಲು ಗಾರೆಯವನು ಬಾಣಲೆಯಲ್ಲಿ ಗಾರೆ ಕಲೆಸಿಕೊಂಡು, ಇಟ್ಟಿಗೆ ಪಕ್ಕಕ್ಕಿಟ್ಟುಕೊಂಡು ನಿಂತಿದ್ದ. ವಿಲ್ಮಾರ್ ಭಾಷಣ ಮಾಡಿದ. ಎಲ್ಲಿ ಲಸಾರ್ತೆಯ ಹೆಸರು ಬಾಯಿಂದ ಜಾರಿಬಿಡುತ್ತದೋ ಎಂಬ ಭಯಕ್ಕೆ ದಾರ್ದೋನ ಜೀವನದಲ್ಲಿ ಹೆಂಗಸರೇ ಇರಲಿಲ್ಲವೆಂಬಂತೆ ಮಾತಾಡಿ, ಹೆಂಡತಿಯನ್ನೂ ಬಿಟ್ಟುಬಿಟ್ಟ. ಆಮೇಲೆ ಪ್ರೊಫೆಸರ್ ಮುಂದೆ ಬಂದರು.

"ಡಾಕ್ಟರ್ ಗರೀದೋ ಅವರಾಗಲಿ ಡಾಕ್ಟರ್ ಲಸಾರ್ತೆ ಅವರಾಗಲಿ ಬರಲಾಗಲಿಲ್ಲ ಅಂತ ಕಾಣುತ್ತೆ..."

"ಬರೋಕೆ ಮುಖ ಬೇಕಲ್ಲ!" ಎಂದು ಎಲ್ವಿರಾ ಪಿಸುಗುಟ್ಟಿದಳು. ಕೊನೆಯ ಸಾಲಿನವರು ಕೂಡ ಹೌದೆಂದು ತಲೆ ಆಡಿಸಿದರು.

ನಿಬಿಯಾಳ ಸಹನೆ ಅಲ್ಲಿಗೆ ಹರಿದುಹೋಯಿತು.

"ಬಂದಿದಾಳೆ," ಎಂದಳು. "ಬೆಳಿಗ್ಗೆಯಿಂದ ನಿಮಗೆಲ್ಲ ಕಾಫಿ ಬಗ್ಗಿಸಿ ಕೊಡ್ತಾ ಇದಾಳೆ. ಲಸಾರ್ತೆ ನಾನೇ."

ಎಲ್ವಿರಾ ಗೊಳೋ ಎಂದು ಅತ್ತು ಅವಳನ್ನು ತಬ್ಬಿಕೊಂಡಳು. "ನೋಡಿದ್ರಾ? ನೋಡಿದ್ರಾ ನನ್ನ ತಮ್ಮನ ಹೆಂಡತೀನ? ಗಂಡನ ಮಾನ ಮುಚ್ಚೋಕೆ ಸವತಿ ಹೆಸರನ್ನ ತನ್ನ ಮೈಮೇಲೆ ಹಾಕ್ಕೋತಿದಾಳೆ! ಇಂಥ ಹೆಂಗಸು ಎಲ್ಲಿ ಸಿಗ್ತಾಳೆ?"

ಜನ ಮೂಗು ಒರೆಸಿಕೊಂಡರು. ಪ್ರೊಫೆಸರ್ ಕೂಡ ಮರುಕದಿಂದ, "ಹೋಗಲಿ ಬಿಡಿ ದೋನ್ಯಾ, ನಮಗೆ ಅರ್ಥ ಆಗುತ್ತೆ," ಎಂದರು.

"ನಿಮ್ಮ ತಲೆ ಅರ್ಥ ಆಗುತ್ತೆ! ಎಲ್ವಿರಾ, ಕೈ ತೆಗಿ."

ಅವಳು ಜನಕ್ಕೆ ಬೆನ್ನು ಮಾಡಿ ಗೂಡಿನ ಕಡೆ ತಿರುಗಿದಳು. ಕೋಟಿನ ತುದಿ ಜಗ್ಗಿ ನೆಟ್ಟಗೆ ಮಾಡಿಕೊಂಡಳು.

"ಡಾಕ್ಟರ್ ಗರೀದೋ ಅವರು ಸತ್ತವರ ಮೇಲೆ ಕರುಣೆಯಿಂದ ಬರೆದಿದಾರೆ, ಒಪ್ಪಿದೆ. ಬದುಕಿರೋರ ಕಡೆ ಮಾತ್ರ ತಿರುಗಿ ನೋಡಿಲ್ಲ. ಸಿಪಾಯಿಗಳ ಕಾಲದಲ್ಲಿ ಹೆಸರು ಅಳಿಸ್ತಿದ್ದವರು ಯಾರು? ಸತ್ತವರ ಮೇಲೆ ಕರುಣೆ ಇದ್ದವರಾ? ಎಷ್ಟು ತಾಯಂದಿರು ಅವರು ಹೊತ್ತೊಯ್ದ ಮಕ್ಕಳನ್ನ ಹುಡುಕ್ತಾ ಕಚೇರಿ ಕಚೇರಿ ಅಲೆದು, 'ಈ ಹೆಸರಿನವರು ಯಾರೂ ಇಲ್ಲಮ್ಮ' ಅನ್ನಿಸ್ಕೊಂಡು ವಾಪಸು ಬಂದ್ರು? ಆಗ ನಾನು ಸ್ವಿಚ್‌ಬೋರ್ಡ್ ಮುಂದೆ ಕೂತಿದ್ದ ಬಿಡಿಭಾಗ. ಅವರ ಫೋನು ಜೋಡಿಸಿ ಕೊಟ್ಟವಳು. ಆ ಕಡೆಯಿಂದ 'ಇಲ್ಲ' ಅನ್ನೋದನ್ನ ಈ ಕಿವಿಯಾರೆ ಕೇಳಿದವಳು. ಅಳಿಸೋದು ಯಾವಾಗ್ಲೂ ಬಲ ಇದ್ದವನಿಗೆ ಅನುಕೂಲ, ಡಾಕ್ಟರೇ. ಅಳೋರಿಗಲ್ಲ."

ಮುದುಕರಲ್ಲಿ ಕೆಲವರು ಟೋಪಿ ತೆಗೆದರು. ಪ್ರೊಫೆಸರರ ಕೈಯಿಂದ ಸೋರೆಬುರುಡೆ ಜಾರಿ ನೆಲಕ್ಕೆ ಬಿದ್ದು, ಹಸಿರು ಪುಡಿ ಚಪ್ಪಲಿಯ ಮೇಲೆಲ್ಲ ಚೆಲ್ಲಿತು. "ಅವರೇ," ಎಂದರು. "ದೇವರೇ, ಅವರೇ ಇವರು. ಡಾಕ್ಟರ್..."

"ಡಾಕ್ಟರೂ ಇಲ್ಲ ಮಣ್ಣೂ ಇಲ್ಲ. ನನ್ನನ್ನ ಡಾಕ್ಟರ್ ಮಾಡಿದವನು ಈ ಪೆಟ್ಟಿಗೆಯಲ್ಲಿದಾನೆ. ಗರೀದೋ ಅನ್ನೋನು ಅವನೇ. ಇನ್ನು ಆರು ಜನಾನೂ ಅವನೇ. ಆ ಪತ್ರಿಕೆಗಳನ್ನ ತರಿಸೋಕೆ ನಮ್ಮ ಹತ್ರ ದುಡ್ಡಿರ್ಲಿಲ್ಲ, ಹೆಸರುಗಳಿದ್ವು. ಅದೇ ಕೊಟ್ವಿ. ಸುಳ್ಳು ಅಂದ್ರೆ ಸುಳ್ಳು. ಕಪಾಟು ಬೇಕಿದ್ರೆ ಇಟ್ಕೊಳ್ಳಿ, ಬೇಡದಿದ್ರೆ ಎಸೀರಿ. ಹೆಂಗಸಿನ ಸುದ್ದಿ ಮಾತ್ರ ಅವನ ಮೇಲೆ ಹಾಕಬೇಡಿ."

"ಅಂದ್ರೆ ಗರೀದೋ ಅವರು..." ಎಬೆರ್ ಜನರನ್ನು ಸರಿಸಿ ಮುಂದೆ ಬಂದ. "ಗರೀದೋ ಸತ್ತುಹೋದ್ರಾ?"

ಜೊತೆಗೆ ಕೆಲಸ ಮಾಡಿದ ದಾರ್ದೋನಿಗೆ ಒಂದು ಹನಿ ಹಾಕದ ಎಬೆರ್, ಎಂದೂ ಕಾಣದ ಡಾಕ್ಟರ್ ಗರೀದೋಗಾಗಿ ಗೋಡೆಗೆ ಹಣೆಯಿಟ್ಟು ಚಿಕ್ಕ ಮಗುವಿನಂತೆ ಅಳತೊಡಗಿದ. ಎಲ್ವಿರಾ ಹೋಗಿ ಅವನ ಭುಜ ಹಿಡಿದಳು.

ನಿಬಿಯಾಳ ಮಾತು ಇನ್ನೂ ಮುಗಿದಿರಲಿಲ್ಲ. ಅವಳು ಗೂಡಿನ ಹತ್ತಿರ ಹೋಗಿ, ಪೆಟ್ಟಿಗೆಯ ಅಂಚಿನ ಮೇಲೆ ಕೈಯಿಟ್ಟಳು. ದನಿ ಇಳಿಯಿತು.

"ಕೊನೆಯ ಮಾತು, ಡಾಕ್ಟರ್ ಗರೀದೋ. ಬ್ಯಾಂಕು ನಿಮ್ಮ ಹೆಸರು ಅಳಿಸಲಿ. ಸರ್ಕಾರ ಅಳಿಸಲಿ. ಅವುಗಳಿಗೆ ಒಂದು ಗುಂಡಿ ಒತ್ತಿದ್ರೆ ಆಯ್ತು. ನನಗೆ ಆ ಗುಂಡಿ ಎಲ್ಲಿದೆ? ಅದನ್ನ ನೀವು ಬರೆದಿಲ್ಲ. ಬೇಕಂತಲೇ ಬಿಟ್ಟಿದೀರಿ. ಎಲ್ಲಿದೆ, ಹೇಳಿ."

ತಲೆಯನ್ನು ಒಂಚೂರು ವಾಲಿಸಿ, ಸ್ವಿಚ್‌ಬೋರ್ಡಿನವರು ಆ ಕಡೆಯ ದನಿಗೆ ಕಿವಿಗೊಡುವ ಹಾಗೆ ನಿಂತಳು. ಗಾರೆಯವನು ವಿಲ್ಮಾರನ ಮುಖ ನೋಡಿದ. ವಿಲ್ಮಾರ್ ಪ್ರೊಫೆಸರರ ಮುಖ ನೋಡಿದ. ಪ್ರೊಫೆಸರ್ ತಲೆ ತಗ್ಗಿಸಿದರು. ಬಿಸಿಲಿಗೆ ಬಾಣಲೆಯ ಗಾರೆ ಗಟ್ಟಿಯಾಗುತ್ತಾ ಬಂದಿತ್ತು. ಗಾರೆಯವನು ಎತ್ತಿಕೊಂಡಿದ್ದ ಇಟ್ಟಿಗೆಯನ್ನು ಮತ್ತೆ ಕೆಳಗಿಟ್ಟು, ಬಕೆಟ್ಟಿನಿಂದ ಒಂದು ಬೊಗಸೆ ನೀರು ತೆಗೆದು ಗಾರೆಗೆ ಹಾಕಿ, ಸದ್ದಾಗದ ಹಾಗೆ ಕಲೆಸತೊಡಗಿದ.